38911: ಹಳೆಯ ಕಂಪ್ಯೂಟರುಗಳ ಬಗ್ಗೆ ಒಂದು ತಿದ್ದುಪಡಿ, ಒಂದು ತಕರಾರು

ಮಾನ್ಯ ಸಂಪಾದಕರೇ,

1980ರ ದಶಕದ ಮನೆ ಕಂಪ್ಯೂಟರುಗಳನ್ನು ಇಂದಿಗೂ ಬಿಡದೆ ಹಿಡಿದುಕೊಂಡು, ಅಂತರ್ಜಾಲದಲ್ಲಿ ಅವುಗಳ ಬಗ್ಗೆ ಗಂಟೆಗಟ್ಟಲೆ ವಾದಿಸುವ ಗೀಕ್ ಮಂದಿಯನ್ನು ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಲೇಖನ ಲವಲವಿಕೆಯಿಂದ ಕೂಡಿದೆ. ನನ್ನಂಥವರ ಮೇಲೆ ಅದು ಹಾರಿಸಿರುವ ಚಟಾಕಿಗಳಲ್ಲಿ ಹಲವು ನ್ಯಾಯವಾದವೇ. ಆದರೆ ಕೊನೆಯಲ್ಲಿ ಅದು ಕೊಟ್ಟಿರುವ ತೀರ್ಪು, ಅಂದರೆ ಇದೆಲ್ಲ ಕಳೆದುಹೋದ ಬಾಲ್ಯದ ಹಂಬಲವಷ್ಟೇ, ಅವೆಲ್ಲವನ್ನೂ ಮೀರಿಸುವ ಯಂತ್ರವನ್ನು ಇಂದು ಕೈಗಡಿಯಾರದೊಳಗೇ ಕಟ್ಟಿಕೊಂಡು ಓಡಾಡುತ್ತಿರುವಾಗ ಈ ಒಣಚರ್ಚೆಗೆ ಅರ್ಥವಿಲ್ಲ ಎಂಬ ಮಾತು, ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ತಕರಾರನ್ನು ಹೇಳುವ ಮುನ್ನ ಲೇಖನದಲ್ಲಿರುವ ಒಂದು ತಪ್ಪನ್ನು ತಿದ್ದಬೇಕಾಗಿದೆ. ಎರಡಕ್ಕೂ ಸಂಬಂಧವಿದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64 ಯಂತ್ರವನ್ನು ಕೊಂಡವರು ಅದರ 64 ಕಿಲೋಬೈಟ್ ಮೆಮೊರಿಯಷ್ಟನ್ನೂ, ಬೇಸಿಕ್ ಎಂಬ ಸರಳ ಭಾಷೆಯಲ್ಲಿ ತಾವು ಬರೆಯುವ ಪ್ರೋಗ್ರಾಂಗಳಿಗೆ ಬಳಸಿಕೊಳ್ಳಬಹುದಿತ್ತು ಎಂದು ಲೇಖಕರು ಬರೆದಿದ್ದಾರೆ. ಸ್ವಿಚ್ ಹಾಕಿದ ಕೂಡಲೇ ಆ ಯಂತ್ರ ತನ್ನ ನೀಲಿ ಪರದೆಯ ಮೇಲೆ ಬೇರೆಯೇ ಮಾತು ಹೇಳುತ್ತಿತ್ತು: ಬೇಸಿಕ್‌ಗೆ ಉಳಿದಿರುವುದು 38911 ಬೈಟು. ಈ ಸಂಖ್ಯೆ ಬಂದದ್ದು ಒಂದು ಸಣ್ಣ ಕಳೆಯುವ ಲೆಕ್ಕದಿಂದ. ಪ್ರೋಗ್ರಾಂ ಶುರುವಾಗುವುದು 2049ನೇ ವಿಳಾಸದಲ್ಲಿ, ಅಂದರೆ ಮೆಮೊರಿಯಲ್ಲಿ ಆ ಸಂಖ್ಯೆ ಹೊತ್ತ ಒಂದು ಬೈಟಿನ ಜಾಗದಲ್ಲಿ. ಅದಕ್ಕಿಂತ ಕೆಳಗಿನ ಜಾಗವನ್ನು ಯಂತ್ರ ತನ್ನ ಸ್ವಂತ ಟಿಪ್ಪಣಿಗಳಿಗೂ ಪರದೆಯ ಮೇಲಿನ ಸಾವಿರ ಅಕ್ಷರಗಳಿಗೂ ಇಟ್ಟುಕೊಂಡಿರುತ್ತದೆ. 40960ನೇ ವಿಳಾಸದಿಂದ ಮುಂದಕ್ಕೆ 8 ಕಿಲೋಬೈಟಿನಷ್ಟು ಉದ್ದಕ್ಕೆ, ಅಳಿಸಲಾಗದ ರೋಮ್ ಚಿಪ್ಪಿನಲ್ಲಿ, ಬೇಸಿಕ್ ಭಾಷೆ ಕೂತಿರುತ್ತದೆ. 40960ರಲ್ಲಿ 2049 ಕಳೆದರೆ 38911. ಅದರಾಚೆ 49152ರಿಂದ ಇನ್ನೊಂದು 4 ಕಿಲೋಬೈಟ್ ಖಾಲಿ ಇತ್ತಾದರೂ ಬೇಸಿಕ್ ಅದನ್ನು ಮುಟ್ಟುತ್ತಿರಲಿಲ್ಲ. ಪ್ರೊಸೆಸರಿಗೆ ನೇರವಾಗಿ ಅರ್ಥವಾಗುವ ಸಂಖ್ಯೆಗಳ ಭಾಷೆಯನ್ನು, ಅಂದರೆ ಯಂತ್ರಭಾಷೆಯನ್ನು, ಬಲ್ಲವರು ತಮ್ಮ ಸಾಮಾನನ್ನೆಲ್ಲ ಅಲ್ಲೇ ಇಡುತ್ತಿದ್ದರು.

ಇದನ್ನೇ ಲೇಖಕರು ಮೊಸರಿನಲ್ಲಿ ಕಲ್ಲು ಹುಡುಕುವ ಚಾಳಿ ಎಂದು ಕರೆದಿರುವುದು. ಇರಲಿ. ಆದರೆ ಕಲ್ಲು ಸಿಕ್ಕಿತಲ್ಲ! ಅದು ಸಿಕ್ಕ ಜಾಗದಲ್ಲಿ ಇನ್ನೂ ಸ್ವಲ್ಪ ಕೆದಕಿದರೆ ನಾನು ಹೇಳಬೇಕೆಂದಿರುವ ವಿಷಯವೂ ಸಿಗುತ್ತದೆ. ಬೇಸಿಕ್ ಕೂತಿರುವ ಆ ರೋಮ್ ಚಿಪ್ಪಿನ ಅಡಿಯಲ್ಲಿ, ಅದೇ ವಿಳಾಸಗಳಲ್ಲಿ, ಬರೆದು ಅಳಿಸಬಹುದಾದ ಮೆಮೊರಿಯೂ ಮುಸುಕು ಹೊದ್ದು ಮಲಗಿರುತ್ತದೆ. ಆ ವಿಳಾಸವನ್ನು ಓದಿದರೆ ಮೇಲಿನ ಚಿಪ್ಪಿನ ಬೈಟು ಬರುತ್ತದೆ, ಅಲ್ಲಿಗೆ ಏನನ್ನಾದರೂ ಬರೆದರೆ ಅದು ಕೆಳಗಿನ ಮೆಮೊರಿಗೆ ಇಳಿಯುತ್ತದೆ. ಮುಸುಕು ಇರಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು 1ನೇ ವಿಳಾಸದಲ್ಲಿರುವ ಸಂಖ್ಯೆ. ಅಲ್ಲಿ ಸಾಮಾನ್ಯವಾಗಿ 55 ಇರುತ್ತದೆ. ಅದನ್ನು 54 ಮಾಡಿದರೆ ಬೇಸಿಕ್ ಮಾಯ. ಬೇಸಿಕ್‌ನಲ್ಲಿ ಕೂತೇ ಹಾಗೆ ಮಾಡಿದವರು ಕೂತ ಕೊಂಬೆಯನ್ನೇ ಕಡಿದಂತಾಗಿ ಯಂತ್ರ ಸ್ತಬ್ಧವಾಗುತ್ತದೆ. ಆದರೆ ಮೊದಲು 40960ರಿಂದ 49151ರ ವರೆಗಿನ ಪ್ರತಿಯೊಂದು ಬೈಟನ್ನೂ ಪೀಕ್ ಆದೇಶದಿಂದ ಓದಿ, ಅದೇ ವಿಳಾಸಕ್ಕೆ ಪೋಕ್ ಆದೇಶದಿಂದ ಬರೆಯುತ್ತ ಹೋಗಿ, ಆಮೇಲೆ 54 ಹಾಕಿದರೆ ಏನೂ ಆದಂತೆ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ: ಈಗ ಆ ಭಾಷೆಯೇ ನಿಮ್ಮ ಕೈಯಲ್ಲಿದೆ, ಅದರ ಯಾವ ಬೈಟನ್ನು ಬೇಕಾದರೂ ತಿದ್ದಬಹುದು.

ನಾನು ಮೊದಲ ಸಲ ಹೀಗೆ ಮಾಡಿ, ಯಂತ್ರ ಪ್ರತಿ ಆದೇಶದ ನಂತರ ತಾನು ಸಿದ್ಧನಿದ್ದೇನೆಂದು ತೋರಿಸುತ್ತಿದ್ದ ‘ರೆಡಿ’ ಎಂಬ ಇಂಗ್ಲಿಷ್ ಪದದ ಮೊದಲಕ್ಷರವನ್ನು ಬದಲಿಸಿದಾಗ, ಪರದೆಯ ಮೇಲೆ ಅರ್ಥವಿಲ್ಲದ ಒಂದು ಪದ ಮೂಡಿತು. ಆದೇಶ ಕೊಟ್ಟಾಗಲೆಲ್ಲ ಅದೇ ಪದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರೋ ಮಾಡಿ ಮಾರಿದ ವಸ್ತುವಿನ ಬಾಯಲ್ಲಿ ನನ್ನ ಮಾತನ್ನು ಆಡಿಸಿದ್ದೆ. ಇಂದಿನ ಕೈಗಡಿಯಾರ ಎಷ್ಟೇ ಬಲಶಾಲಿಯಾದರೂ ಅದರೊಳಗೆ ಹೀಗೆ ಕೈಹಾಕಲು ಅದರ ಒಡೆಯನಿಗೇ ಅವಕಾಶವಿಲ್ಲ. ನಾವು ಹಂಬಲಿಸುತ್ತಿರುವುದು ಬಾಲ್ಯವನ್ನಲ್ಲ, ಒಬ್ಬ ಸಾಮಾನ್ಯ ಮನುಷ್ಯ ಕೊನೆಯ ಬೈಟಿನ ತನಕ ಅರಿತುಕೊಳ್ಳಬಹುದಾದ ಯಂತ್ರವನ್ನು. ಆ ಅರಿವು ಇಂದಿಗೂ ಉಳಿದಿದ್ದರೆ ಅದಕ್ಕೆ ಮುಖ್ಯ ಕಾರಣ ಲೇಖಕರು ಗೇಲಿ ಮಾಡಿರುವ ಜಗಳಗಳೇ ಎಂಬುದು ನನ್ನ ವಾದ.

ಅದೇ ಕಾಲದ ಬ್ರಿಟಿಷ್ ಮನೆ ಕಂಪ್ಯೂಟರಾದ ಸಿಂಕ್ಲೇರ್ ಸ್ಪೆಕ್ಟ್ರಮ್‌ನ ಬಣ್ಣಗಳ ವಿಷಯವನ್ನೇ ನೋಡೋಣ. ಆ ಯಂತ್ರದ ಆಟಗಳಲ್ಲಿ ಹಸಿರು ಮರದ ಮುಂದೆ ಹಳದಿ ಅಂಗಿಯ ಹುಡುಗ ಹಾದುಹೋದರೆ ಮರದ ಒಂದು ತುಂಡೂ ಹಳದಿಯಾಗಿಬಿಡುತ್ತಿತ್ತು. ಲೇಖನ ಇದನ್ನು ತಯಾರಕರ ಅಗ್ಗದ ಕೆಲಸವೆಂದು ಒಂದೇ ಮಾತಿನಲ್ಲಿ ಮುಗಿಸಿದೆ. ಈ ಕುರಿತ ವಾದಗಳಲ್ಲಿ ಯಾರಾದರೂ ಹೀಗೆಂದಾಗ ಇನ್ನೊಬ್ಬರು ಲೆಕ್ಕ ಮುಂದಿಡುತ್ತಾರೆ. ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು. ಪ್ರತಿ ಚುಕ್ಕಿಗೂ ಅದರದೇ ಬಣ್ಣ ಬೇಕೆಂದು ತಲಾ ನಾಲ್ಕು ಬಿಟ್, ಅಂದರೆ ಅರ್ಧ ಬೈಟು, ಇಟ್ಟರೆ 24576 ಬೈಟು ಖರ್ಚು. 1982ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ ಆ ಯಂತ್ರ 125 ಪೌಂಡಿಗೆ 16 ಕಿಲೋಬೈಟಿನದು, 175 ಪೌಂಡಿಗೆ 48 ಕಿಲೋಬೈಟಿನದು ಎಂದು ಎರಡು ಬಗೆಯಲ್ಲಿ ಸಿಗುತ್ತಿತ್ತು. ಮೊದಲನೆಯದರ ಇಡೀ ಮೆಮೊರಿ 16384 ಬೈಟು. ಅಂದರೆ ಪರದೆಯೊಂದಕ್ಕೇ ಅದು ಸಾಲದು. ಹಾಗಾಗಿ ಚುಕ್ಕಿಗಳಿಗೆ 6144 ಬೈಟು, ಬಣ್ಣಕ್ಕೆ 768 ಬೈಟು ಎಂದು ಹಂಚಿದರು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಪ್ರತಿ ಚೌಕಕ್ಕೂ ಒಂದೇ ಬೈಟು, ಆದ್ದರಿಂದ ಅದರೊಳಗೆ ಎರಡೇ ಬಣ್ಣ. ಜಿಪುಣತನವೆಂದು ಕಂಡದ್ದು ಹಾಸಿಗೆ ಇದ್ದಷ್ಟು ಕಾಲು ಚಾಚಿದ ವಿನ್ಯಾಸ.

ಅದೇ ಯಂತ್ರದಲ್ಲಿ, ಪ್ರೋಗ್ರಾಂಗಳನ್ನು ಸದ್ದಾಗಿ ದಾಖಲಿಸಿಟ್ಟ ಕ್ಯಾಸೆಟ್‌ನಿಂದ ಚಿತ್ರ ಇಳಿಯುವಾಗ ಅದು ಮೇಲಿನಿಂದ ಕೆಳಕ್ಕೆ ಸಾಲಾಗಿ ಮೂಡುತ್ತಿರಲಿಲ್ಲ. ಪರದೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ಎಂಟೆಂಟು ಗೆರೆ ಹಾರಿ ಮೊದಲ ಸುತ್ತು, ಆಮೇಲೆ ಅವುಗಳ ಕೆಳಗಿನ ಗೆರೆಗಳ ಸುತ್ತು, ಹೀಗೆ ಕಿಟಕಿಯ ಪಟ್ಟಿಪರದೆಯನ್ನು ಮೆಲ್ಲಗೆ ಮುಚ್ಚಿದಂತೆ ತುಂಬಿ, ನಂತರ ನಡುವಿನ ಭಾಗ, ಕಡೆಗೆ ಕೆಳಗಿನದು. ಎಲ್ಲಕ್ಕೂ ಕೊನೆಯಲ್ಲಿ ಬಣ್ಣ ಸರ‍್ರನೆ ಹರಿದು ಬರುತ್ತಿತ್ತು. ಒಟ್ಟು ಸುಮಾರು 40 ಸೆಕೆಂಡು, ಆ ಹೊತ್ತೆಲ್ಲ ಸ್ಪೀಕರಿನಲ್ಲಿ ಕೀರಲು ಸದ್ದು. ಅದನ್ನು ನೋಡಿದವರು ಲಕ್ಷಾಂತರ ಮಂದಿ. ಏಕೆ ಹಾಗೆ ಎಂದು ಕೇಳಿದವರು ಕೆಲವರು. ಒಂದು ಅಕ್ಷರವನ್ನು ಬರೆಯುವಾಗ ಪ್ರತಿ ಸಲ ಒಂದು ಗೆರೆ ಕೆಳಗಿಳಿಯಬೇಕು. ಸ್ಪೆಕ್ಟ್ರಮ್‌ನ ಈ ವಿಚಿತ್ರ ಜೋಡಣೆಯಲ್ಲಿ ಹಾಗೆ ಇಳಿಯಲು ವಿಳಾಸದ ಮೇಲಿನ ಅರ್ಧಕ್ಕೆ ಒಂದು ಕೂಡಿಸಿದರೆ ಸಾಕು, ಅದು ಝಡ್80 ಪ್ರೊಸೆಸರಿನ ಅತ್ಯಂತ ಚಿಕ್ಕ ಆದೇಶಗಳಲ್ಲೊಂದು. ನಾನಂತೂ ಈ ಕಾರಣವನ್ನು ತಿಳಿದದ್ದು ಯಂತ್ರ ಕೊಂಡ ಬಹಳ ವರ್ಷಗಳ ಮೇಲೆ, ಇಬ್ಬರು ಅಪರಿಚಿತರು ಪರಸ್ಪರ ದಡ್ಡರೆಂದು ಬೈದುಕೊಳ್ಳುತ್ತಿದ್ದ ಒಂದು ವಾಗ್ವಾದದ ನಡುವೆ.

ಝಡ್80 ಮತ್ತು 6502 ಪ್ರೊಸೆಸರುಗಳ ಪಕ್ಷಪಾತಿಗಳ ನಡುವಿನ ಮುಗಿಯದ ಕಾದಾಟವನ್ನು ಲೇಖಕರು ಎರಡು ತಂಡಗಳ ಅಭಿಮಾನಿಗಳ ಕೂಗಾಟಕ್ಕೆ ಹೋಲಿಸಿದ್ದಾರೆ. ಹೋಲಿಕೆ ತಪ್ಪಲ್ಲ. ಆದರೂ 3.5 ಮೆಗಾಹರ್ಟ್ಸ್‌ನ ಸ್ಪೆಕ್ಟ್ರಮ್ ಹೆಚ್ಚುಕಡಿಮೆ 1 ಮೆಗಾಹರ್ಟ್ಸ್‌ನ ಕಮೊಡೋರ್‌ಗಿಂತ ಮೂರೂವರೆ ಪಟ್ಟು ವೇಗ ಎಂದು ನಂಬಿ ಬಂದ ಹೊಸಬರು, ಝಡ್80ರ ಅತಿ ಚಿಕ್ಕ ಆದೇಶಕ್ಕೂ ನಾಲ್ಕು ಗಡಿಯಾರದ ಬಡಿತ ಬೇಕು, 6502ಕ್ಕೆ ಎರಡೇ ಸಾಕು ಎಂಬುದನ್ನು ಆ ಕೂಗಾಟದಲ್ಲೇ ಕಲಿಯುತ್ತಾರೆ. ಮೆಗಾಹರ್ಟ್ಸ್ ನೋಡಿ ಯಂತ್ರವನ್ನು ಅಳೆಯಬಾರದೆಂಬ ಈ ಪಾಠ ಹಳತಾಗಿಲ್ಲ.

ಈ ಹಟಮಾರಿತನ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಕಮೊಡೋರ್ 64ರ ಪರದೆಯ ಅಂಚು ನನಗೆ ಬಹಳ ಇಷ್ಟವಾದ ಉದಾಹರಣೆ. ಚಿತ್ರದ ಸುತ್ತ ಒಂದೇ ಬಣ್ಣದ ಅಗಲವಾದ ಅಂಚು ಇರುತ್ತಿತ್ತು. ಅದರ ಮೇಲೆ ಏನನ್ನೂ ತೋರಿಸುವಂತಿರಲಿಲ್ಲ. ವಿಡಿಯೊ ಚಿಪ್ಪಿನಲ್ಲಿ 25 ಸಾಲು ಅಥವಾ 24 ಸಾಲು ತೋರಿಸುವ ಒಂದು ಆಯ್ಕೆಯಿತ್ತು. 24 ಸಾಲಾದರೆ ಕೆಳಗಿನ ಅಂಚು 247ನೇ ಗೆರೆಗೆ, 25 ಆದರೆ 251ನೇ ಗೆರೆಗೆ ಶುರುವಾಗಬೇಕು. ಯಾರೋ ಪುಣ್ಯಾತ್ಮರಿಗೆ ಹೊಳೆಯಿತು: 25 ಸಾಲೆಂದು ಹೇಳಿಟ್ಟು, ಪರದೆಯ ಮೇಲೆ ಗೆರೆಗೆರೆಯಾಗಿ ಚಿತ್ರ ಬರೆಯುವ ಕಿರಣ 247ನೇ ಗೆರೆಯನ್ನು ದಾಟಿದ ಮೇಲೆ, 251 ಮುಟ್ಟುವ ಮೊದಲು, ಇದ್ದಕ್ಕಿದ್ದಂತೆ 24 ಸಾಲೆಂದು ಬದಲಿಸಿದರೆ? ಚಿಪ್ಪು ಈಗ ಕಾಯುತ್ತಿರುವುದು 247ನೇ ಗೆರೆಗೆ. ಅದು ಆಗಲೇ ಹೋಗಿಬಿಟ್ಟಿದೆ. ಅಂಚು ಶುರುವಾಗುವುದೇ ಇಲ್ಲ. ಆ ನಿಷಿದ್ಧ ಪಟ್ಟಿಯಲ್ಲಿ ಚಿತ್ರಗಳು ತೇಲಾಡತೊಡಗುತ್ತವೆ. ಪ್ರತಿ ಬಾರಿ ಚಿತ್ರ ಬರೆಯುವಾಗಲೂ, ಅಂದರೆ ಸೆಕೆಂಡಿಗೆ 50 ಸಲ, ಮೂರ್ನಾಲ್ಕು ಗೆರೆಗಳ ಆ ಸಂದಿಯಲ್ಲಿ ಈ ಮೋಸವನ್ನು ಮಾಡಬೇಕು. ಇಂಥ ಚಮತ್ಕಾರಗಳನ್ನು ಪೋಣಿಸಿ ಸಂಗೀತ, ಚಿತ್ರಗಳ ಪ್ರದರ್ಶನ ಕಟ್ಟುವ ಡೆಮೊ ಕಲೆಯನ್ನು ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡವು. ಬಾಲ್ಯದ ಹಂಬಲಕ್ಕೆ ಯಾವ ದೇಶವೂ ಅಂಥ ಮನ್ನಣೆ ಕೊಡುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮವರ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಲೇಖಕರು ಬಿಟ್ಟಿರುವ ದೋಷವೇ ಅವರು ಎತ್ತಿ ತೋರಿಸಿದ ದೋಷಕ್ಕಿಂತ ದೊಡ್ಡದು. ಕೇಳಬಂದ ಹೊಸಬರನ್ನು, ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಮಾತ್ರ ಅದನ್ನು ಕಂಡವರನ್ನು, ಕ್ಯಾಸೆಟ್ ಓಡಿ ಮುಗಿಯಲೆಂದು ಎಂದೂ ಕಾಯದವರು ಎಂಬ ಒಂದೇ ಕಾರಣಕ್ಕೆ ಹೊರಗಿನವರೆಂದು ಕಾಣುವ ದೊಡ್ಡಸ್ತಿಕೆ ನಮ್ಮಲ್ಲಿದೆ. ನಮ್ಮ ನೆನಪಿನ ಚಿತ್ರದಲ್ಲಿ ಯಾವಾಗಲೂ ಕೋಣೆಯಲ್ಲೊಬ್ಬ ಹುಡುಗ ಕೂತಿರುತ್ತಾನೆ, ಹುಡುಗಿ ಇರುವುದಿಲ್ಲ. ಆದರೆ 1981ರ ಡಿಸೆಂಬರಿನಲ್ಲಿ ಹೊರಬಂದ ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೊದ ಬೇಸಿಕ್ ಭಾಷೆಯನ್ನು, 16 ಕಿಲೋಬೈಟಿನೊಳಗೆ ಅಚ್ಚುಕಟ್ಟಾಗಿ ಹಿಡಿಸಿ, ಬರೆದವರು ಸೋಫಿ ವಿಲ್ಸನ್. ಅವರೇ ಮುಂದೆ ಸ್ಟೀವ್ ಫರ್ಬರ್ ಅವರೊಂದಿಗೆ ಏಕಾರ್ನ್ ಕಂಪನಿಯಲ್ಲಿ ಆರ್ಮ್ ಪ್ರೊಸೆಸರನ್ನು ವಿನ್ಯಾಸಗೊಳಿಸಿದರು. 1985ರ ಏಪ್ರಿಲ್‌ನಲ್ಲಿ ಮೊದಲ ಆರ್ಮ್ ಚಿಪ್ಪು ಕೈಸೇರಿದಾಗ ಅದನ್ನು ಪರೀಕ್ಷಿಸಿ ನೋಡಿದ್ದು ಒಂದು ಬಿಬಿಸಿ ಮೈಕ್ರೊಗೆ ಜೋಡಿಸಿ. ಲೇಖಕರು ನಮ್ಮನ್ನು ಹೀಯಾಳಿಸಲು ಬಳಸಿದ ಕೈಗಡಿಯಾರದಂಥವುಗಳ ಒಳಗೆ ಇಂದು ಬಹುಪಾಲು ಇರುವುದು ಆ ಚಿಪ್ಪಿನ ವಂಶದ ಕುಡಿಗಳೇ. 2012ರಲ್ಲಿ ಬಂದ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ತನ್ನ ಮಾದರಿಗಳಿಗೆ ‘ಎ’, ‘ಬಿ’ ಎಂಬ ಹೆಸರನ್ನು ಎರವಲು ಪಡೆದದ್ದೂ ಬಿಬಿಸಿ ಮೈಕ್ರೊದಿಂದ.

ಇನ್ನೊಂದು ಮರೆವು ಭೂಗೋಳಕ್ಕೆ ಸಂಬಂಧಿಸಿದ್ದು. ಸ್ಪೆಕ್ಟ್ರಮ್ ಎಂದರೆ ಬ್ರಿಟನ್ ಎಂದು ನಾವು ಮಾತು ಮುಗಿಸುತ್ತೇವೆ. ಸೋವಿಯತ್ ಒಕ್ಕೂಟದಲ್ಲಿ ಅದರ ನಕಲುಗಳನ್ನು, ‘ಲೆನಿನ್‌ಗ್ರಾಡ್’, ‘ಪೆಂಟಗನ್’ ಮುಂತಾದ ಹೆಸರಿನವುಗಳನ್ನು, ಜನ ಬೆಸುಗೆ ಕಡ್ಡಿ ಹಿಡಿದು ಮನೆಯಲ್ಲೇ ಕಟ್ಟಿಕೊಂಡರು. ಯಂತ್ರವನ್ನು ಪೂರ್ತಿ ಅರಿಯುವುದು ಅವರಿಗೆ ಹವ್ಯಾಸವಾಗಿರಲಿಲ್ಲ. ಅರಿಯದಿದ್ದರೆ ಯಂತ್ರವೇ ಇರುತ್ತಿರಲಿಲ್ಲ.

ಹಂಬಲವೆಂಬ ಆರೋಪದಲ್ಲಿ ಒಂದು ಪಾಲು ಸತ್ಯವಿದೆ ಎಂದೂ ಒಪ್ಪುತ್ತೇನೆ. ನೆನಪು ಕಷ್ಟವನ್ನು ಸೋಸಿ ತೆಗೆದುಬಿಡುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಪ್ರೋಗ್ರಾಂಗಳನ್ನು ಕೈಯಾರೆ ಬೆರಳಚ್ಚಿಸಿದ ಸುಖವನ್ನು ನಾವು ಬಣ್ಣಿಸುತ್ತೇವೆ. ನಾನು ಎರಡು ಸಂಜೆ ಕೂತು ಪುಟಗಟ್ಟಲೆ ಸಂಖ್ಯೆಗಳನ್ನು ಒತ್ತಿ, ಆತುರದಲ್ಲಿ ಕ್ಯಾಸೆಟ್‌ಗೆ ಉಳಿಸದೆಯೇ ಓಡಿಸಿ ನೋಡಿದ್ದನ್ನು ಯಾರಿಗೂ ಹೇಳಿರಲಿಲ್ಲ. 169 ಇರಬೇಕಾದ ಒಂದು ಜಾಗದಲ್ಲಿ 196 ಒತ್ತಿದ್ದೆ. 6502ರ ಭಾಷೆಯಲ್ಲಿ 169 ಎಂದರೆ ‘ಮುಂದಿನ ಸಂಖ್ಯೆಯನ್ನು ಎತ್ತಿಕೋ’. 196 ಎಂದರೆ ‘ಮುಂದೆ ಹೇಳಿದ ವಿಳಾಸದಲ್ಲಿರುವುದರೊಂದಿಗೆ ಹೋಲಿಸು’. ಎತ್ತಿಕೊಳ್ಳಬೇಕಾದಲ್ಲಿ ಹೋಲಿಸುತ್ತ ಕೂತ ಯಂತ್ರ ಯಾವ ಕೀಗೂ ಓಗೊಡಲಿಲ್ಲ. ಸ್ವಿಚ್ ಆರಿಸಿದೆ, ಎರಡು ಸಂಜೆ ಹೋಯಿತು. ತಪ್ಪು ನನ್ನದೇ. ಆದರೂ ಇಂದು ಆ ಎರಡು ಸಂಖ್ಯೆಗಳ ಅರ್ಥ ನನಗೆ ಬಾಯಿಪಾಠವಾಗಿರುವುದು ಆ ತಪ್ಪಿನಿಂದಲೇ.

ಈಗ ಓದುಗರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ಇಂಥ ಯಂತ್ರವೋ ಕ್ಯಾಸೆಟ್‌ಗಳ ಪೆಟ್ಟಿಗೆಯೋ ಇರುವವರು ಅದನ್ನು ಗುಜರಿಗೆ ಹಾಕುವ ಮೊದಲು ಒಂದು ಮಾತು ವಿಚಾರಿಸಲಿ. ಇಳಿಸಿದ ಕೂಡಲೇ ಪ್ಲಗ್ ಚುಚ್ಚಬೇಡಿ. ಕಮೊಡೋರ್ 64ರ ಹಳೆಯ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿ 5 ವೋಲ್ಟ್ ಹದ್ದುಬಸ್ತಿನಲ್ಲಿಡುವ ಭಾಗ ಕೆಟ್ಟರೆ ವೋಲ್ಟೇಜ್ ಏರಿ ಮೆಮೊರಿ ಚಿಪ್ಪುಗಳನ್ನು ಸುಟ್ಟುಬಿಡುತ್ತದೆ. ಬಿಬಿಸಿ ಮೈಕ್ರೊದ ಪೂರೈಕೆಯಲ್ಲಿರುವ ಕಾಗದದ ಕೆಪಾಸಿಟರುಗಳ ಮೈ ವಯಸ್ಸಾದಂತೆ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತದೆ; ವಿದ್ಯುತ್ ಹರಿದ ಕೆಲವೇ ನಿಮಿಷಗಳಲ್ಲಿ ಕೋಣೆ ತುಂಬ ನಾರುವ ಹೊಗೆ. ಅಮಿಗಾ 2000ದಂಥ ಯಂತ್ರಗಳ ಮದರ್‌ಬೋರ್ಡಿಗೆ ಬೆಸೆದಿರುವ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ. ಬೇರೇನೂ ಮಾಡಲಾಗದಿದ್ದರೂ ಅದನ್ನೊಂದು ಕತ್ತರಿಸಿ ತೆಗೆಯಿರಿ. ಹಳದಿಗಟ್ಟಿದ ಹೊರಕವಚದ ಚಿಂತೆ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಅದನ್ನು ಬೆಳ್ಳಗೆ ಮಾಡುವವರಿದ್ದಾರೆ, ಕೆಲವು ವರ್ಷಗಳಲ್ಲಿ ಹಳದಿ ಮತ್ತೆ ಬರುವುದೂ ಇದೆ. ಅದು ಶೃಂಗಾರದ ಮಾತು, ಕಾಯಬಲ್ಲದು.

ಕಾಯಲಾರದ್ದು ಕ್ಯಾಸೆಟ್. ಅಚ್ಚಾಗಿ ಮಾರಾಟವಾದ ಆಟಗಳನ್ನು ಎಷ್ಟೋ ಮಂದಿ ಆಗಲೇ ಕಡತಗಳಾಗಿ ಉಳಿಸಿದ್ದಾರೆ. ಉಳಿಯದಿರುವುದು ಯಾರೋ ಮನೆಯಲ್ಲಿ ತಾವೇ ಬರೆದು ತಾವೇ ದಾಖಲಿಸಿದ ಪ್ರೋಗ್ರಾಂಗಳು. ಅವುಗಳ ಪ್ರತಿ ಜಗತ್ತಿನಲ್ಲಿ ಒಂದೇ. ಸ್ಪೆಕ್ಟ್ರಮ್ ತನ್ನ ದಾಖಲೆಯಲ್ಲಿ ಸೊನ್ನೆಗೆ ಒಂದು ಚಿಕ್ಕ ಅಲೆಯನ್ನೂ ಒಂದಕ್ಕೆ ಅದರ ಎರಡರಷ್ಟು ಉದ್ದದ ಅಲೆಯನ್ನೂ ಬರೆದು, ಪ್ರತಿ ತುಂಡಿನ ಕೊನೆಗೆ ತಾಳೆ ನೋಡಲು ಒಂದೇ ಒಂದು ಬೈಟನ್ನು ಇಡುತ್ತದೆ. ಎಲ್ಲೋ ಒಂದು ಬಿಟ್ ಸವೆದಿದ್ದರೂ ಐದು ನಿಮಿಷ ಕಾದ ಮೇಲೆ ತಾಳೆಯಾಗದೆ ‘ಟೇಪ್ ಲೋಡಿಂಗ್ ಎರರ್’ ಎಂಬ ಉತ್ತರ ಬರುತ್ತದೆ. ಹಾಗಾಗಿ ಹಳೆಯ ಯಂತ್ರಕ್ಕೆ ನೇರವಾಗಿ ಕೊಡದೆ, ಟೇಪನ್ನು ಮೊದಲು ಇಂದಿನ ಕಂಪ್ಯೂಟರಿಗೆ ಬರಿಯ ಧ್ವನಿಯಾಗಿ, ಸದ್ದನ್ನು ಕುಗ್ಗಿಸದ ಕಡತವಾಗಿ ತುಂಬಿಕೊಳ್ಳಿ. ಸವೆದ ಅಲೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ, ಅದು ಸೊನ್ನೆಯೋ ಒಂದೋ ಎಂದು ರಾತ್ರಿಯೆಲ್ಲ ಕೂತು ವಾದಿಸಬಲ್ಲ ಜನ ಇದ್ದಾರೆ. ಅವರೇ ಲೇಖಕರು ವರ್ಣಿಸಿದ ಕೆಲಸವಿಲ್ಲದ ಮಂದಿ. ಅವರ ಕೈಗೆ ಟೇಪ್ ಕೊಡುವಾಗ ಅದರ ಡಬ್ಬಿಯ ಕಾಗದವನ್ನೂ ಕೊಡಿ. ಯಾವ ಪ್ರೋಗ್ರಾಂ ಟೇಪ್ ರೆಕಾರ್ಡರಿನ ಕೌಂಟರಿನಲ್ಲಿ ಎಷ್ಟಕ್ಕೆ ಶುರು ಎಂದು ಪೆನ್ಸಿಲಿನಲ್ಲಿ ಬರೆದ ಆ ಮೂರಂಕಿಯ ಸಂಖ್ಯೆಗಳು ಅವರಿಗೆ ಬೇಕಾಗುತ್ತವೆ.

ಲೇಖನದ ತಪ್ಪಿಗೆ ತಾವು ತಿದ್ದುಪಡಿ ಪ್ರಕಟಿಸುವುದಾದರೆ ದಯವಿಟ್ಟು 38911ರ ಸಾವಿರದ ಸ್ಥಾನದಲ್ಲಿ ಅಲ್ಪವಿರಾಮ ಹಾಕಬೇಡಿ. ಆ ನೀಲಿ ಪರದೆಯ ಮೇಲೆ ಅದು ಇರಲಿಲ್ಲ. ಹಾಕಿದರೆ ಮರುದಿನವೇ ತಮಗೆ ಇನ್ನೊಂದು ಪತ್ರ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ